ಮರಾಠಿ ಸಿನಿಮಾದಾಗ ಕನ್ನಡದಾಂವ

ಸಿನಿಮಾದಾಗ ದೊಡ್ಡ ಪಾತ್ರ ಮಾಡೋರಿಗಿ ಏನೂ ಆಗೂದಿಲ್ಲ. ಬರ್ತಾರ, ಮಾತಾಡ್ತಾರ, ಕಾರ್ ಹತ್ತಿ ಹೋಗತಾರ. ಆಗೂದೆಲ್ಲಾ ನನ್ನಂಥಾ ಸಣ್ಣ ಪಾತ್ರದವರಿಗೇ ಆಗ್ತೈತಿ, ಒಂದು ಮುಗೀತು ಅನ್ನೂದರಾಗ ಇನ್ನೊಂದು ಬಂದು ಬಾಗಲದಾಗ ನಿಂತಿರ್ತೈತಿ.

ನಮ್ಮೂರು ಮಹಾರಾಷ್ಟ್ರದ ಗಡ್ಯಾಗ, ಅಕ್ಕಲಕೋಟದಿಂದ ದುಧನಿಗಿ ಹೋಗೂ ದಾರ್ಯಾಗ ಐತಿ. ಮನ್ಯಾಗ ಕನ್ನಡ, ಬಜಾರದಾಗ ಮರಾಠಿ, ಸಿಟ್ಟು ಬಂದ್ರ ಎರಡೂ. ಕಸಬು ಒಕ್ಕಲತನ. ತೊಗರಿ, ಜ್ವಾಳ, ನಾಕು ಸಾಲು ಕಬ್ಬು. ಇದರ ನಡುವ ಎಷ್ಟೋ ವರ್ಷದಿಂದ ಮರಾಠಿ ಸಿನಿಮಾ, ಸೀರಿಯಲ್‌ದಾಗ ಪಾತ್ರ ಮಾಡಕೋತ ಬಂದೀನಿ. ನನ್ನ ಪಾತ್ರಕ್ಕ ಹೆಸರು ಇರೂದಿಲ್ಲ. ಕಾಗದದ ಮ್ಯಾಲ "ಕಾನಡೀ ಮಾಣೂಸ" ಅಂತ ಬರದಿರ್ತಾರ, ಅಂದ್ರ ಕನ್ನಡ ಮನಷ್ಯಾ. ಕಥಿಯೊಳಗ ಗಡಿ ಕಡಿ ಯಾಪಾರಿ ಬರ್ಲಿ, ಗೌಡ ಬರ್ಲಿ, ಗೂಂಡಾ ಬರ್ಲಿ, ಫೋನ್ ಮಾತ್ರ ನನಗ ಬರ್ತೈತಿ. ಹೋಗಿ ಬಂದ ಮ್ಯಾಲ ನಮ್ಮನಿಯಾಕಿ ಕೇಳೂದೂ ಒಂದ ಮಾತು: "ಈ ಸಲ ಏನು ಮಾಡಿ ಬಂದ್ರಿ?"

ಎತ್ತಿಗಿ ಮರಾಠಿ ಬರೂದಿಲ್ಲ

ಮೊದಲಿಗಿ ಪಾತ್ರ ಸಿಕ್ಕದ್ದು ನನಗಲ್ಲ, ನನ್ನ ಎತ್ತಿಗಿ. ನಮ್ಮೂರಾಗ ಒಂದು ಹಳೇ ವಾಡೇ, ಗೌಡರ ಕಾಲದ ದೊಡ್ಡ ಮನಿ ಐತಿ. ಅದರಾಗ ಶೂಟಿಂಗ್ ಮಾಡಾಕ ಪುಣೇದಿಂದ ಮಂದಿ ಬಂದಿತ್ತು. ಹೀರೋ ಚಕ್ಕಡಿ ಹೊಡಕೊಂಡು ಊರು ಬಿಟ್ಟು ಹೋಗೂ ಸೀನು. ಚಕ್ಕಡಿ ನಂದು, ಎತ್ತೂ ನನ್ನವ.

ಹೀರೋ ಹಗ್ಗಾ ಹಿಡದು ಕುಂತು ಮರಾಠಿದಾಗ "ಚಲ್ ರಾಜಾ" ಅಂದ. ಎತ್ತು ಬಾಲಾ ಸೈತ ಅಳ್ಳಾಡಸಲಿಲ್ಲ. ಇನ್ನೊಮ್ಮಿ ಪ್ರೀತೀಲೇ ಅಂದ. ಎಡಗಡಿದು ಉಚ್ಚಿ ಹೊಯ್ತು, ಬಲಗಡಿದು ಅದನ್ನ ನೋಡಿ ತಾನೂ ಹೊಯ್ತು. ಡೈರೆಕ್ಟರ ನನ್ನ ಕರದು ಇವಕ್ಕ ಏನಾಗೈತಿ ಅಂತ ಕೇಳಿದ್ರು. ಇವು ವಿಜಾಪುರ ಕಡಿ ಸಂತ್ಯಾಗ ತಂದ ಎತ್ತು ಸಾಹೇಬ್ರ, ಮರಾಠಿ ಬರೂದಿಲ್ಲ ಅಂತ ಹೇಳಿದೆ. ಅವರು ಚ್ಯಾಷ್ಟಿ ಮಾಡಾಕತ್ತಾನ ಅಂದುಕೊಂಡ್ರು. ನಾ ನಿಂತಲ್ಲಿಂದ ಮೆಲ್ಲಕ "ನಡೀರೆಪಾ" ಅಂದೆ. ಎರಡೂ ನಡದ್ವು. ಹೀರೋ ಆ ಹೊತ್ತಿಗಿ ಹಗ್ಗಾ ಬಿಟ್ಟು ಕೂದಲಾ ತಿದ್ದಿಕೊಳ್ಳಾಕತ್ತಿದ್ದ, ಹಿಂದ ಉಳ್ಳಿ ಬಿದ್ದ.

ಕಡೀಕ ಅವರೆಲ್ಲಾ ಕೂಡಿ ಒಂದು ದಾರಿ ಹುಡುಕಿದ್ರು. ಚಕ್ಕಡ್ಯಾಗ ಜ್ವಾಳದ ಒಣಾ ಕಣಿಕಿ ತುಂಬಿ, ಅದರ ಬುಡಕ ನನ್ನ ಮಲಗಿಸೂದು. ಹೀರೋ ತನ್ನ ಮಾತು ಮುಗಸಿದ ಮ್ಯಾಲ ನಾ ಒಳಗಿಂದ "ನಡಿ" ಅನಬೇಕು. ಮೊದಲನೇ ಸಲ ಹೀರೋ ದುಃಖಕ್ಕಂತ ನಡುವ ಸ್ವಲ್ಪ ಸುಮ್ಮನಾದ. ಮಾತು ಮುಗೀತು ಅಂತ ತಿಳದು ನಾ "ನಡಿ" ಅಂದೆ. ಕಳಸಾಕ ಬಂದು ನಿಂತಿದ್ದ ಹೀರೋಯಿನ್ ಅರ್ಧಾ ಮಾತಿನ್ಯಾಗ ಹಿಂದ ಉಳದ್ಳು. ಎರಡನೇ ಸಲ ಕಣಿಕಿ ಧೂಳಾ ಮೂಗಿನ್ಯಾಗ ಹೋಗಿ ನಾ ಜೋರಲೇ ಸೀನಿದೆ. ಎತ್ತು ಬೆದರಿ ಓಡಾಕ ಹತ್ತಿದ್ವು. ಬೆದರಿದ ಎತ್ತು ಎಲ್ಲಿಗಿ ಹೋಗತಾವ? ಮನಿಗೇ ಹೋದ್ವು.

ನಮ್ಮಾಕಿ ಅಂಗಳದಾಗ ಎಮ್ಮಿ ಹಿಂಡಾಕತ್ತಿದ್ಳು. ತಲಿ ಎತ್ತಿ ನೋಡಿದ್ರ ಎದರಿಗಿ ಸಿನಿಮಾದ ಹೀರೋ, ಮುಖಾ ಮೋತಿ ಎಲ್ಲಾ ಬೆಳ್ಳಗ ಆಗೈತಿ, ಚಕ್ಕಡಿ ಗಟ್ಟಿ ಹಿಡಕೊಂಡು ಕುಂತಾನ. ಆಕಿ ಸೆರಗು ಸರಿ ಮಾಡಿಕೊಂಡು, ಬರ್ರಿ ಚಾ ಕುಡೀರಿ, ಆದ್ರ ಕಣಿಕಿ ನಾವು ತರಸಿಲ್ಲಲ್ಲ ಅಂದ್ಳು. ಅಷ್ಟರಾಗ ಕಣಿಕ್ಯಾಗಿಂದ ನಾ ಎದ್ದು ಕುಂತೆ.

"ನೀವ್ಯಾಕ ಅದರಾಗ ಅದೀರಿ?" ಅಂದ್ಳು.

"ಸಿನಿಮಾದಾಗ ಅದೀನಿ" ಅಂದೆ.

ರಕ್ತಾ ಕುಡಿಯೂ ಮಾತು

ಮೀಸಿ ತುಂಬ ಕಣಿಕಿ ಸಿಕ್ಕಿದ್ದ ನನ್ನ ಮೋತಿ ಡೈರೆಕ್ಟರಗ ಭಾಳ ಸೇರಿತು. ಅದ ಸಿನಿಮಾದಾಗ ಗೂಂಡಾನ ಪಾತ್ರ ಕೊಟ್ರು. ಹೀರೋನ ಕಾಲರ್ ಹಿಡದು ಎರಡು ಮಾತು ಬೆದರಿಸಿ ಹೋಗೂದು, ಅಷ್ಟ. ಮಾತು ಮರಾಠಿದಾಗ ಬರದಿದ್ರು. ನಾ ಸಾಲ್ಯಾಗ ಪಾಠ ಒಪ್ಪಿಸಿದ್ಹಂಗ ಒಪ್ಪಿಸಿದೆ. ಹೀರೋ ಅಂಜೂದು ಬಿಟ್ಟು ನಗಾಕ ಹತ್ತಿದ.

ಡೈರೆಕ್ಟರ ಬ್ಯಾಸತ್ತು, ನಿನ್ನ ಭಾಷಾದಾಗ ಏನರ ಅನ್ನು, ಅರ್ಥ ಇರದಿದ್ರೂ ನಡೀತೈತಿ, ಸಿಟ್ಟು ಮಾತ್ರ ಇರಬೇಕು ಅಂದ್ರು. ನಾ ಕಾಲರ್ ಹಿಡದೆ. ಬಾಯಾಗ ಏನೂ ಬರವಲ್ದು. ಸಿಟ್ಟಿನ ಮಾತು ಅಂದ್ರ ನನಗ ಬಾಯಿಪಾಠ ಇರೂವು ದಿನಾ ಮುಂಜಾನಿ ಮನ್ಯಾಗ ಕೇಳೂವು. ಅವನ್ನೇ ಬಿಟ್ಟೆ. "ದನಕ್ಕ ನೀರು ಕುಡಸು ಅಂದ್ರ ಕುಡಸೂದಿಲ್ಲ, ಗಿರಣಿಗಿ ಹೋಗಿ ಹಿಟ್ಟು ಬೀಸಿಕೊಂಡು ಬಾ ಅಂದ್ರ ಬರೂದಿಲ್ಲ, ಕಟ್ಟಿ ಮ್ಯಾಲ ಕುಂತು ಹರಟಿ ಹೊಡ್ಯಾಕ ಅಷ್ಟ ಬರ್ತೈತಿ. ಬಾ ಇವತ್ತ ಮನಿಗಿ, ರೊಟ್ಟಿ ಹ್ಯಾಂಗ ಸಿಗ್ತಾವ ನೋಡ್ತೀನಿ."

ಹೀರೋ ಖರೇನ ನಡಗಿದ. ಡೈರೆಕ್ಟರ ಚಪ್ಪಾಳಿ ಹೊಡದ್ರು.

ಸಿನಿಮಾ ಸೊಲ್ಲಾಪುರಕ್ಕ ಬಂತು. ಊರ ಅರ್ಧಾ ಮಂದಿ ಜೀಪು ಮಾಡಕೊಂಡು ನೋಡಾಕ ಹೋದ್ವಿ. ನನ್ನ ಸೀನು ಬಂತು. ನಾ ಹಿಟ್ಟು, ರೊಟ್ಟಿ ಅಂತ ಹಲ್ಲು ಕಡಿಯಾಕತ್ತೀನಿ, ಪಡದೇದ ಕೆಳಗ ಮರಾಠಿ ಅಕ್ಷರದಾಗ "ನಿನ್ನ ಎದಿ ಸೀಳಿ ರಕ್ತಾ ಕುಡೀತೀನಿ" ಅಂತ ಬರಾಕತ್ತೈತಿ. ಮುಂದಿನ ಸಾಲಿನ್ಯಾಗ ಕುಂತ ಮರಾಠಿ ಮಂದಿ ಉಸರು ಬಿಗಿ ಹಿಡದಿದ್ರು, ಒಂದು ಕೂಸು ಅಳಾಕ ಹತ್ತಿತು. ಹಿಂದ ನಮ್ಮೂರ ಮಂದಿ ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ರು. ಮುಂದಿನವರು ಹೊಳ್ಳಿ ಹೊಳ್ಳಿ ನೋಡಿದ್ರು, ರಕ್ತಾ ಕುಡೀತೀನಿ ಅಂದ್ರ ನಗೂ ಈ ಮಂದಿ ಯಾ ಊರವರು ಅಂತ.

ನಗಲಾರದಾಕಿ ಒಬ್ಬಾಕಿ ಅಂದ್ರ ನಮ್ಮಾಕಿ. ಇಂಟರ್ವಲ್‌ದಾಗ ಹೊರಗ ಬಂದ ಮ್ಯಾಲ, ಅವು ನನ್ನ ಮಾತು ಅಂದ್ಳು. ಹೌದು ಅಂದೆ. ಸುಳ್ಳು ಹೇಳೂ ಹಂಗ ಇರಲಿಲ್ಲ, ಊರಾಗ ಎಲ್ಲಾರಿಗೂ ಗೊತ್ತ ಐತಿ. ಆಕಿ ಮೆತ್ತಗ ಕೇಳಿದ್ಳು:

"ನಾ ಮನ್ಯಾಗ ಮಾತಾಡುವಾಗೂ ನಿಮಗ ಕೆಳಗ ಹಂಗ ಬರದದ್ದು ಕಾಣಸ್ತೈತೇನು?"

ಉಪವಾಸದ ಪಾತ್ರ

ಮಂಗಳವೇಢೆ ಕಡಿ ಸಲಗರ ಬುದ್ರುಕದಾಗ ಒಂದು ಸಿನಿಮಾ ನಡದಿತ್ತು. ನಂದು ಹಾದಿ ತಪ್ಪಿದ ಮುಸಾಫಿರನ ಪಾತ್ರ. ಊಟ ಇಲ್ಲದ ಅಲದು ಅಲದು ಬಂದು ಒಂದು ಮನ್ಯಾಗ ಕುಂತು ಉಣ್ಣೂದು. ಶೂಟಿಂಗ್ ಒಬ್ಬ ರೈತನ ಖರೇ ಮನ್ಯಾಗ. ರೊಟ್ಟಿ ಮಾಡೂದೂ ಆ ಮನಿ ಯಜಮಾನತಿನ.

ಪ್ಯಾಟಿ ನಟರು ತುತ್ತು ಬಾಯಾಗಿಟ್ಟು ಕಟ್ ಅಂದ ಕೂಡಲೇ ಉಗುಳಿಬಿಡ್ತಾರಂತ. ಇದು ನನಗ ಯಾರೂ ಹೇಳಿರಲಿಲ್ಲ. ತಾಟಿನ್ಯಾಗ ಅನ್ನ ಬಿಡೂದು ನಮ್ಮವ್ವ ನಮಗ ಕಲಸಿಲ್ಲ. ಬಿಸಿ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಮ್ಯಾಲ ಶೇಂಗಾ ಹಿಂಡಿ. ತಾಟು ಬಳದು ಉಂಡೆ. ಡೈರೆಕ್ಟರ ಚಲೋ ಬಂತು, ಆದ್ರ ಹಿಂದ ಒಂದು ಆಡು ಬಂತು, ಇನ್ನೊಮ್ಮಿ ಅಂದ್ರು. ಮತ್ತ ಉಂಡೆ. ಬಿಸಲು ಹೋತು, ಇನ್ನೊಮ್ಮಿ. ನೀಡೂ ನಟಿ ಮಾತು ಮರತ್ಳು, ಇನ್ನೊಮ್ಮಿ. ಯಜಮಾನತಿಗಿ ಖುಷಿ ಆಗಿತ್ತು, ಪ್ರತಿ ಸಲಾನೂ ಬಿಸಿ ರೊಟ್ಟಿ ಬಡದು ಕಳಸಾಕತ್ತಿದ್ಳು.

ಮಧ್ಯಾಹ್ನದ ಹೊತ್ತಿಗಿ ಡೈರೆಕ್ಟರ ಕಣ್ಣಾಗ ಹಸಿವಿ ಕಾಣವಲ್ದು ಅಂದ್ರು. ಕಣ್ಣಾಗ ನಿದ್ದಿ ಬಂದು ಕುಂತಿತ್ತು, ಹಸಿವಿ ಎಲ್ಲಿಂದ ಕಾಣಬೇಕು? ಕಡೀಕ ಕಥಿನ ಬದಲ ಮಾಡಿದ್ರು. ಊಟದಾಗ ವೈರಿಗಳು ವಿಷಾ ಹಾಕ್ಯಾರ, ಮುಸಾಫಿರ ಎರಡು ತುತ್ತಿಗೇ ಹೊಟ್ಟಿ ಹಿಡಕೊಂಡು ಬೀಳ್ತಾನ ಅಂತ. ನಾ ಬಿದ್ದೆ. ಒಂದ ಸಲಕ್ಕ ಓಕೆ ಆತು. ಕಟ್ ಅಂದ ಮ್ಯಾಲೂ ನಾ ಏಳಲಿಲ್ಲ ಅಂತ ಎಲ್ಲಾರೂ ನನ್ನ ನಟನಾ ಹೊಗಳಿದ್ರು.

ಆದ್ರ ವಿಷದ ಸುದ್ದಿ ಅಡಗಿ ಮನಿಗಿ ಮುಟ್ಟಿತು. ಯಜಮಾನತಿ ಕೈ ಹಿಟ್ಟಿನ್ಯಾಗ ಹಂಗ ಹೊರಗ ಬಂದು, ನನ್ನ ರೊಟ್ಟ್ಯಾಗ ವಿಷಾ ಐತಿ ಅಂತ ಯಾರು ಅಂದಾಂವ ಅಂತ ಕೇಳಿದ್ಳು. ಅದು ಕಥಿ ತಾಯಿ, ಕಥಿ ಅಂತ ಡೈರೆಕ್ಟರ ಕೈ ಮುಗದ್ರು. ಆಕಿ ಕೇಳಲಿಲ್ಲ. ಕ್ಯಾಮೆರಾದವರು, ಲೈಟಿನವರು, ಮೇಕಪ್ಪಿನವರು, ಎಲ್ಲಾರನ್ನೂ ಪಂಕ್ತಿ ಹಚ್ಚಿ ಕುಂಡರಿಸಿ, ಉಂಡು ತೋರಿಸಿ ಹೋಗರಿ ಅಂತ ತಾಟು ಇಟ್ಳು.

ನನಗೂ ಒಂದು ಇಟ್ಳು.

ಲಗ್ನದ ಸೀನು

ಆಮ್ಯಾಲ ಒಂದು ಸೀರಿಯಲ್‌ದಾಗ ಹೆಂಡತಿ ಸತ್ತ ಯಾಪಾರಿ ಆದೆ. ಎರಡನೇ ಲಗ್ನ ಮಾಡಕೊಳ್ಳೂ ಸೀನು. ಅಕ್ಕಲಕೋಟದಾಗ ಒಂದು ಮಂಗಲ ಕಾರ್ಯಾಲಯ ಹಿಡದಿದ್ರು. ಮದುವಿಗಿತ್ತಿ ಪುಣೇದ ನಟಿ. ಮಂತ್ರ ಹೇಳಾಕ ಖರೇ ಸ್ವಾಮಿಗಳು ಬೇಕು ಅಂತ ಹುಡುಕಿ ನಮ್ಮೂರ ಅಯ್ಯನವರನ್ನ ಕರಕೊಂಡು ಬಂದ್ರು. ನಂದು, ನಮ್ಮಾಕಿದು ಖರೇ ಲಗ್ನ ಮಾಡಿಸಿದವರೂ ಇವರ. ಅಕ್ಕಿಕಾಳು ಒಗಿಯಾಕ ಮಂದಿ ಬೇಕಾಗಿತ್ತು. ನಮ್ಮಾಕಿನೂ ರೇಷ್ಮಿ ಸೀರಿ ಉಟಗೊಂಡು ಬಂದು ಮುಂದಿನ ಸಾಲಿನ್ಯಾಗ ನಿಂತಿದ್ಳು.

ಅಯ್ಯನವರು ಕಣ್ಣು ಮುಚ್ಚಿ ಗಂಭೀರ ಧ್ವನೀಲೇ ಮಂತ್ರ ಸುರು ಮಾಡಿದ್ರು. ತಾಳಿ ಕಟ್ಟಿದೆ. ಅಕ್ಕಿಕಾಳು ಬಿದ್ವು. ಕಟ್. ಮಗ್ಗಲದಿಂದ ಒಮ್ಮಿ, ಮ್ಯಾಲಿಂದ ಒಮ್ಮಿ, ಬರೇ ಕೈ ಅಷ್ಟ ಒಮ್ಮಿ, ಪ್ರತಿ ಸಲ ಮಂತ್ರ, ಪ್ರತಿ ಸಲ ತಾಳಿ. ಮೊದಲಿಗಿ ನಮ್ಮಾಕಿ ಒಗದ ಅಕ್ಕಿಕಾಳು ತಲಿ ಮ್ಯಾಲ ಬೀಳತಿದ್ವು. ಬರಬರತಾ ಮೋತಿಗಿ ಬಡ್ಯಾಕ ಹತ್ತಿದ್ವು.

ಸಂಜಿಗಿ ಮನಿಗಿ ಬಂದ್ವಿ. ಚಾ ಕೇಳಿದೆ, ಹೊಸಾ ಸಂಬಂಧದವರು ಕುಡಸಲಿಲ್ಲೇನು ಅಂದ್ಳು. ಅದು ಸೀರಿಯಲ್ ಅಂತ ತಿಳಿಸಿ ಹೇಳಿದೆ. ಆಕಿ ತಿರಗಿ ಕೇಳಿದ್ಳು. ಅದ ಅಯ್ಯನವರು, ಅದ ಧ್ವನಿ, ಅದ ತಾಳಿ. ನಮ್ಮದು ಖರೇ ಆದ್ರ ಅದು ಸುಳ್ಳು ಹ್ಯಾಂಗ ಆತು? ಅದು ಸುಳ್ಳಾದ್ರ ನಮ್ಮದು?

ಇಬ್ಬರೂ ಕೂಡಿ ಅಯ್ಯನವರ ಮನಿಗಿ ಹೋದ್ವಿ. ಅವರು ನಮ್ಮನ್ನ ನೋಡಿದ ಕೂಡಲೇ ಒಳಗ ಕರದು ಬಾಗಲಾ ಮುಂದ ಮಾಡಿದ್ರು. ದೇವರ ಮುಂದ ಸುಳ್ಳು ಲಗ್ನ ಮಾಡಿಸಿದ್ರ ನನಗೂ ಪಾಪ, ನಿನಗೂ ತೊಂದ್ರಿ ಅಂತ ಮುಂಜಾನಿಂದ ಅವರಿಗೂ ಎದಿ ಹೊಡಕೊಳ್ಳಾಕತ್ತಿತ್ತಂತ. ಪುಣೇ ಮಂದಿಗಿ ಎಲ್ಲಿ ತಿಳೀತೈತಿ ಅಂತ ಲಗ್ನದ ಮಂತ್ರದಾಗಿಂದು ಒಂದೂ ಅಂದಿಲ್ಲ.

"ಮತ್ತ ಅಂದದ್ದೇನ್ರಿ ಅಪ್ಪಾವ್ರ?" ಅಂದೆ.

"ಮನಿ ಓಪನಿಂಗ್ ಮಾಡ್ತಾರಲ್ಲ, ವಾಸ್ತುಶಾಂತಿ, ಆ ಮಂತ್ರ ಅಂದೀನಿ. ನೀ ತಾಳಿ ಕಟ್ಟುವಾಗ ನಾ ಹೊಸ್ತಲ ಪೂಜಿ ಮಾಡಿಸೀನಿ" ಅಂದ್ರು.

ನನ್ನ ಎದಿ ಮ್ಯಾಲಿನ ಕಲ್ಲು ಇಳೀತು. ಅವರ ಕಾಲಿಗಿ ಬಿದ್ದು ಹೊರಗ ಬಂದ್ವಿ. ಓಣಿ ತಿರಗಿದ್ವಿ. ನಮ್ಮಾಕಿ ಸೆರಗು ಬಾಯಿಗಿ ಹಿಡದು ನಗಾಕ ಹತ್ತಿದ್ಳು.

"ನಾಳಿ ಆ ಹುಡಿಗಿನ್ನ ಕರಸ್ರಿ. ಹಾಲು ಉಕ್ಕಸೂದು ಒಂದು ಉಳದೈತಿ."

ಅಣ್ಣನ ಸಾವು

ಇದು ಹ್ವಾದ ವರ್ಷದ್ದು. ನಮ್ಮ ಅಣ್ಣನ ಮನಿ ನಮ್ಮ ಮನಿಗಿ ಗ್ವಾಡಿ ಹಚ್ಚಿ ಐತಿ. ಹೊಲಾ ಪಾಲು ಆದಾಗ ಬಾವಿ ಒಂದ ಇತ್ತು, ಇಬ್ಬರಿಗೂ ಕೂಡಿ ಉಳೀತು. ವಾರದಾಗ ಯಾರ ಮೋಟರ್ ಎಷ್ಟು ದಿವಸ ಅನ್ನೂದಕ್ಕ ಮಾತಿಗಿ ಮಾತು ಬೆಳದು, ಕಡೀಕ ಮಾತ ನಿಂತು ಹೋತು. ಮ್ಯಾಲ ಬದುವಿನ ಜಗಳ ಬ್ಯಾರೆ. ನಾ ಬದು ಅಂವನ ಹೊಲದಾಗ ಒತ್ತೀನಿ ಅಂತ ಅಣ್ಣ, ಅಣ್ಣ ಒತ್ಯಾನ ಅಂತ ನಾ. ಹೇಳಲೇಬೇಕಾದ ಸುದ್ದಿ ಇದ್ರ ಅಣ್ಣ ಅಂಗಳದಾಗ ನಿಂತು ತನ್ನ ಎಮ್ಮಿಗಿ ಹೇಳತಿದ್ದ, "ನಾಳಿ ಮೋಟರ್ ರಿಪೇರಿ ಐತಿ, ನೀರು ಬರೂದಿಲ್ಲ, ತಿಳಕೋ" ಅಂತ. ನಾ ನಮ್ಮ ಬೇವಿನ ಗಿಡಕ್ಕ "ಆತು" ಅಂತಿದ್ದೆ. ಹಿಂಗ ಎಷ್ಟೋ ವರ್ಷ ನಡೀತು.

ಆವಾಗ ನಾ ಮಾಡೂ ಸೀರಿಯಲ್‌ದಾಗ ನನ್ನ ಅಣ್ಣನ ಪಾತ್ರ ಸಾಯೂ ಕಥಿ ಬಂತು. ಸೊಲ್ಲಾಪುರದಾಗ ಒಂದು ಹಳೇ ಮನ್ಯಾಗ ಶೂಟಿಂಗ್. ಅಣ್ಣ ಆದ ನಟನ್ನ ಬಿಳೇ ಅರಿವಿ ಹೊಚ್ಚಿ ಮಲಗಿಸಿದ್ರು. ನಾ ಬಿದ್ದು ಅಳಬೇಕು. ಕಣ್ಣಿಗಿ ಗ್ಲಿಸರಿನ್ ಹಚ್ಚಿದ್ರು, ಕಣ್ಣು ಮೆಣಸಿನಕಾಯಿ ಹಂಗ ಕೆಂಪಾದ್ವು, ಅಳು ಬರಲಿಲ್ಲ. ಡೈರೆಕ್ಟರ ನನ್ನ ಮಗ್ಗಲಕ್ಕ ಬಂದು ಕುಂತು, ನಿನಗ ಖರೇ ಅಣ್ಣ ಅದಾನೇನು ಅಂತ ಕೇಳಿದ್ರು. ಅದಾನ, ಮಾತಿಲ್ಲ ಅಂದೆ. ಹಂಗಾದ್ರ ಇನ್ನೂ ಚಲೋ, ಅಂವನ ಮಲಗ್ಯಾನ ಅಂತ ತಿಳದು ನಿನ್ನ ಭಾಷಾದಾಗ ಮಾತಾಡು ಅಂದ್ರು.

ಅರಿವಿ ಹೊರಗ ಎರಡು ಪಾದಾ ಕಾಣತಿದ್ವು. ನಾ ಸಣ್ಣಾಂವ ಇದ್ದಾಗ ಹಳ್ಳಾ ಬಂದ್ರ ಅಣ್ಣ ನನ್ನ ಹೆಗಲ ಮ್ಯಾಲ ಹೊತಗೊಂಡು ಸಾಲಿಗಿ ದಾಟಸತಿದ್ದ. ನೀರಾಗ ತಡವರಿಸಿಕೋತ ಹೋಗೂ ಅಂವನ ಕಾಲು ನೆನಪಾದ್ವು. ಆಮ್ಯಾಲ ಏನಾತೋ ನನಗ ತಿಳೀಲಿಲ್ಲ.

"ಅಣ್ಣಾ, ಏಳೋ. ಬಾವಿ ನೀರು ನೀನ ತಗೋ. ವಾರದಾಗ ಏಳೂ ದಿವಸ ನೀನ ತಗೋ. ನಾ ಏನೂ ಅನ್ನೂದಿಲ್ಲ. ಒಮ್ಮಿ ಎದ್ದು ಮಾತಾಡೋ."

ಕಟ್ ಅಂದ್ರು. ಕನ್ನಡದ ಒಂದು ಅಕ್ಷರ ತಿಳಿಯಲಾರದ ಹೆಣಾನೂ ಎದ್ದು ಕುಂತು ಕಣ್ಣು ಒರಸಿಕೊಂತು.

ಅಂಜಿಕಿ ಬಂದದ್ದು ಎಸ್ಟಿ ಬಸ್ಸಿನ್ಯಾಗ ಹೊಳ್ಳಿ ಬರುವಾಗ. ಅಣ್ಣನ ಮನಿ ಮಂದಿ ದಿನಾ ಆ ಸೀರಿಯಲ್ ನೋಡ್ತಾರ. ಜೀವಂತ ಇದ್ದ ಅಣ್ಣನ ಹೆಸರಲೇ ಅತ್ತು ಬಂದೀನಿ, ಅದೂ ಬಾವಿ ಹೆಸರು ತಗೊಂಡು. ನಮ್ಮಾಕಿಗಿ ಹೇಳಿದೆ. ಆಕಿ ತಲಿಗಿ ಕೈ ಹಚ್ಚಿ, ಅವತ್ತ ಕರೆಂಟ್ ಹೋಗ್ಲಿ ಅಂತ ದೇವರಿಗಿ ಬೇಡಕೋರಿ ಅಂದ್ಳು. ನಮ್ಮೂರಾಗ ದಿನಾ ಸಂಜಿಗಿ ಹೋಗೂ ಕರೆಂಟ್ ಅವತ್ತ ಹೋಗಲಿಲ್ಲ. ನನ್ನ ಅಳು ನಮ್ಮ ಟೀವ್ಯಾಗ ಒಮ್ಮಿ, ಗ್ವಾಡಿ ಆಚೆ ಅಣ್ಣನ ಟೀವ್ಯಾಗ ಒಮ್ಮಿ, ಎರಡು ಕಡಿಂದ ಕೇಳಿತು. ಆಮ್ಯಾಲ ಆಚೆ ಟೀವಿ ಬಂದ್ ಆತು. ನಾವಿಬ್ಬರೂ ಉಣ್ಣಲಿಲ್ಲ.

ಮುಂಜಾನಿ ಬಾಗಲಾ ತೆಗದ್ರ ಹೊಸ್ತಲದ ಹೊರಗ ಅಣ್ಣ ನಿಂತಿದ್ದ. ಹಿಂದ ಅಂವನ ಹೆಂಡತಿ, ನಮ್ಮ ವೈನಿ.

"ಬಾವಿ ನೀರು ಯಾರಿಗಿ ಅಂದಿ?"

"ಅದು ನಾಟಕ, ಅಣ್ಣಾ."

"ನಾಟಕದ ಮಾತೆಲ್ಲಾ ಮರಾಠಿದಾಗ ಆಡಿದಿ. ಇದೊಂದ ಕನ್ನಡದಾಗ ಆಡಿದಿ."

ರಾತ್ರಿ ಇವರು ತಾಟಿನ ಮುಂದಿಂದ ಹಂಗ ಎದ್ರು, ಮುಂಜಾನಿ ಆಗೂದನ್ನ ಕಾಯಕೋತ ಕುಂತಿದ್ರು ಅಂತ ಹಿಂದಿಂದ ವೈನಿ ಹೇಳಿದ್ಳು. ಅಣ್ಣ ಆಕಿ ಕಡಿ ಒಮ್ಮಿ ನೋಡಿ, ಚಪ್ಪಲಿ ಬಿಟ್ಟು ಒಳಗ ಬಂದ. ಎಷ್ಟೋ ವರ್ಷದ ಮ್ಯಾಲ ಬಂದಾಂವ, ನಿನ್ನೆ ಎದ್ದು ಹೋದಾಂವನಂಗ ಕಂಬಕ್ಕ ಒರಗಿ ಕುಂತ. ನಮ್ಮಾಕಿ ಚಾ ತಂದು ಇಟ್ಳು. ಅಂವ ಬಶ್ಯಾಗ ಸುರವಿಕೊಂಡು ಸೊರ್ರ್ ಅಂತ ಕುಡದ. ಆ ಸಪ್ಪಳಾ ಕೇಳಿ ನನಗ ಎಷ್ಟು ಹಗರ ಆತು ಅಂದ್ರ, ನೊಗಾ ಇಳಿಸಿದ ಎತ್ತಿಗೂ ಅಷ್ಟು ಆಗಿರಲಿಕ್ಕಿಲ್ಲ.

ಏಳೂ ದಿವಸ ನನಗ್ಯಾಕ ಬೇಕು, ನನಗ ನಾಕು ನಿನಗ ಮೂರು ಇರ್ಲಿ ಅಂದ ಅಣ್ಣ. ಜಗಳಾ ಸುರು ಆದದ್ದ ಆ ನಾಕನೇ ದಿವಸದ ಸಂಬಂಧ. ಆತು ಅಣ್ಣಾ ಅಂದೆ. ಬೇವಿನ ಗಿಡಕ್ಕಲ್ಲ, ಅಂವನ ಮೋತಿ ನೋಡೇ ಅಂದೆ.

ಎದ್ದು ಹೊಂಟಾಂವ ಬಾಗಲದಾಗ ನಿಂತ. ಆ ಸೀರಿಯಲ್‌ದಾಗ ಮುಂದ ಏನಾಗ್ತೈತಿ ಅಂತ ಕೇಳಿದ. ಬರೂ ತಿಂಗಳ ತಮ್ಮನೂ ಸಾಯ್ತಾನಂತ, ಹಂಗ ಬರದಾರ ಅಂದೆ. ಅಣ್ಣ ಟಾವೆಲ್ ಹೆಗಲಿಗಿ ಸರಿ ಮಾಡಿಕೊಂಡ.

"ಅವತ್ತ ನನ್ನೂ ಕರಕೊಂಡು ಹೋಗು. ಅಳಾಕ ನಾ ಬರ್ತೀನಿ. ಬದುವಿಂದೂ ಅಲ್ಲೇ ಮುಗಿಸಿಬಿಡೂನು."